ಸಂದಿನ ಗೆರೆ, ಬಿರುಕಿನ ಗೆರೆ

ಮುರಕಲ್ಲಿನ ಗೋಡೆಯಲ್ಲಿ ಬಿರುಕು ಎರಡು ಥರ ಓಡುತ್ತದೆ. ಒಂದು, ಕಲ್ಲು ಕಲ್ಲಿನ ನಡುವಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಇನ್ನೊಂದು, ಸಂದನ್ನು ಲೆಕ್ಕಿಸದೆ ಕಲ್ಲನ್ನೇ ಸೀಳಿಕೊಂಡು ಹೋಗುವುದು. ಮೊದಲನೆಯದರಲ್ಲಿ ಗಾರೆ ಸೋತಿರುತ್ತದೆ, ಎರಡನೆಯದರಲ್ಲಿ ಕಲ್ಲೇ ಸೋತಿರುತ್ತದೆ. ಎರಡಕ್ಕೂ ರಿಪೇರಿ ಬೇರೆ, ಖರ್ಚು ಬೇರೆ. ನಕ್ಷೆಯಲ್ಲಿ ಈ ವ್ಯತ್ಯಾಸ ತಿಳಿಯಬೇಕಾದರೆ ಸಂದಿನ ಗೆರೆ ತೆಳ್ಳಗಿರಬೇಕು, ಬಿರುಕಿನ ಗೆರೆ ಅದಕ್ಕಿಂತ ದಪ್ಪಗಿರಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟನ್ನು ಕಾಗದದ ಮೇಲೆ ತರಲು ಒಂದು ಬೇಸಿಗೆಯ ಆರಂಭದಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮಾಡುವವರಿಗೆ ಇದರಿಂದ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಕಟ್ಟಡ ದಕ್ಷಿಣ ಕನ್ನಡದ ಒಂದು ಹಳೆಯ ಶಾಲೆ. ದಪ್ಪ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚಿನ ಮಾಡು. ಮಾಡಿನ ನೀರು ವರ್ಷವರ್ಷವೂ ಗೋಡೆಯ ಬುಡಕ್ಕೇ ಬಿದ್ದು ಒಂದು ಮೂಲೆಯ ಪಂಚಾಂಗ ಕುಸಿದಿತ್ತು. ಅಲ್ಲಿಂದ ಹೊರಟ ಬಿರುಕುಗಳು ಕಿಟಕಿಗಳ ಮೂಲೆಗಳಿಗೆ ತಲುಪಿದ್ದವು. ಹಿಂದೊಮ್ಮೆ ಯಾರೋ ಮೇಲಿನಿಂದ ಸಿಮೆಂಟು ಸಾರಿಸಿದ್ದರಿಂದ ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಕೆಲವು ಕಡೆ ಕಲ್ಲು ಪುಡಿಯಾಗುತ್ತಿತ್ತು. ಆ ಸಿಮೆಂಟು ಕೆತ್ತಿ ತೆಗೆದು, ಸೋತ ಕಲ್ಲು ಬದಲಿಸಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಬೇಕಿತ್ತು. ಯಾವ ಕಲ್ಲು ತೆಗೆಯುವುದು, ಯಾವ ಸಂದು ತುಂಬುವುದು ಎಂಬುದನ್ನು ಎಲಿವೇಶನ್ ನಕ್ಷೆಗಳಲ್ಲಿ ಗುರುತಿಸಿ ಕೊಡುವುದು ನಮ್ಮ ಕಚೇರಿಯ ಕೆಲಸ. ಮಾದರಿ ಕಟ್ಟಿ ನಕ್ಷೆ ತೆಗೆಯುವ ಹೊಣೆ ನನ್ನದು.

ಕಾಲ ನಮ್ಮ ಕೈಯಲ್ಲಿರಲಿಲ್ಲ. ಶಾಲೆಯ ಕೆಲಸ ಬೇಸಿಗೆ ರಜೆಯಲ್ಲೇ ಆಗಬೇಕು. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುವಂಥದ್ದು, ಜೂನಿನ ಮಳೆ ಹೊಡೆಯುವ ಮೊದಲು ಅದಕ್ಕೆ ಒಣ ಹವೆಯ ಕೆಲವು ವಾರಗಳಾದರೂ ಸಿಗಬೇಕು. ಹಾಗಾಗಿ ಮಾರ್ಚ್ ಮುಗಿಯುವುದರೊಳಗೆ ನಕ್ಷೆ, ಅಂದಾಜು ಪಟ್ಟಿ ಎರಡೂ ಒಪ್ಪಿಗೆಯಾಗಿರಬೇಕಿತ್ತು. ತಪ್ಪಿದರೆ ಕೆಲಸ ಮುಂದಿನ ವರ್ಷಕ್ಕೆ. ಆ ಗೋಡೆ ಇನ್ನೊಂದು ಮಳೆಗಾಲ ತಾಳೀತೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಅವರಿಗೇ ಧೈರ್ಯವಿರಲಿಲ್ಲ. ಗೋಡೆಯ ಆಚೆ ಮಕ್ಕಳು ಕೂರುತ್ತಾರೆ ಎಂಬುದು ಆ ದಿನಗಳಲ್ಲಿ ನನ್ನ ತಲೆಯಿಂದ ಹೋಗಲೇ ಇಲ್ಲ.

ನಾವು ಬಳಸುತ್ತಿದ್ದದ್ದು ರೆವಿಟ್. 2000ದಲ್ಲಿ ಹೊರಬಂದು, 2002ರಲ್ಲಿ ಆಟೋಡೆಸ್ಕ್ ಕೊಂಡುಕೊಂಡ ಈ ಸಾಫ್ಟ್‌ವೇರಿನಲ್ಲಿ ಗೆರೆ ಎಳೆಯುವುದಿಲ್ಲ, ಗೋಡೆಯನ್ನೇ ಕಟ್ಟುತ್ತೇವೆ. ಗೋಡೆಗೆ ಮುರಕಲ್ಲು ಎಂಬ ಮೆಟೀರಿಯಲ್ ಕೊಟ್ಟರೆ ಎಲಿವೇಶನ್‌ನಲ್ಲಿ ಕಲ್ಲಿನ ವರಸೆಗಳು ತಾವಾಗಿ ಮೂಡುತ್ತವೆ. ಹೀಗೆ ಮೂಡುವುದು ಆ ಮೆಟೀರಿಯಲ್‌ನ ಸರ್ಫೇಸ್ ಪ್ಯಾಟರ್ನ್. ಅಡ್ಡಕ್ಕೆ ಕತ್ತರಿಸಿದ ಜಾಗದಲ್ಲಿ ಕಾಣುವುದು ಕಟ್ ಪ್ಯಾಟರ್ನ್. ಪ್ಯಾಟರ್ನ್‌ಗಳಲ್ಲೂ ಎರಡು ಜಾತಿ. ಡ್ರಾಫ್ಟಿಂಗ್ ಪ್ಯಾಟರ್ನ್ ಕಾಗದದ ಅಳತೆಗೆ ಅಂಟಿಕೊಂಡಿರುತ್ತದೆ, ಸ್ಕೇಲ್ ಬದಲಾದರೂ ಗೆರೆಗಳ ನಡುವಿನ ಅಂತರ ಕಾಗದದ ಮೇಲೆ ಅಷ್ಟೇ ಇರುತ್ತದೆ. ಮಾಡೆಲ್ ಪ್ಯಾಟರ್ನ್ ಕಟ್ಟಡದ ಅಳತೆಗೆ ಅಂಟಿಕೊಂಡಿರುತ್ತದೆ. 200 ಮಿ.ಮೀ. ವರಸೆ ಎಂದರೆ ಗೋಡೆಯ ಮೇಲೆ 200 ಮಿ.ಮೀ.ಯೇ. ಕಿಟಕಿಯ ಹೊಸ್ತಿಲಿಗೆ ಸರಿಯಾಗಿ ವರಸೆ ಕೂರಿಸಬಹುದು, ಸಂದಿನಿಂದ ಸಂದಿಗೆ ಅಳತೆ ಹಾಕಬಹುದು. ನಮಗೆ ಬೇಕಿದ್ದದ್ದು ಇದೇ. ಬಿರುಕಿನ ಎರಡೂ ಬದಿಯ ಕಲ್ಲುಗಳನ್ನು ಫೋಟೊ ನೋಡಿ ಒಂದೊಂದಾಗಿ ಬರೆದೆವು. ಉಳಿದ ಗೋಡೆಗೆ, ಅಳೆದು ತಂದ ವರಸೆಯ ಎತ್ತರಕ್ಕೆ ಹೊಂದುವ ಮಾಡೆಲ್ ಪ್ಯಾಟರ್ನ್ ಕೊಟ್ಟೆವು.

ಪರದೆಯ ಮೇಲೆ ಎಲ್ಲ ಚೆನ್ನಾಗಿತ್ತು. ಅದಕ್ಕೆ ಕಾರಣವೂ ಇತ್ತು. ಥಿನ್ ಲೈನ್ಸ್ ಎಂಬ ಗುಂಡಿ ಒತ್ತಿದ್ದರೆ ಎಲ್ಲ ಗೆರೆಗಳೂ ಪರದೆಯ ಮೇಲೆ ಒಂದೇ ತೆಳುವಾಗಿ ಕಾಣುತ್ತವೆ. ಹತ್ತಿರ ಹೋಗಿ ಕೆಲಸ ಮಾಡಲು ಅದು ಬೇಕೇ ಬೇಕು. ಪ್ರಿಂಟಿಗೆ ಮಾತ್ರ ಅದು ಅನ್ವಯಿಸುವುದಿಲ್ಲ, ಅಲ್ಲಿ ನಿಜವಾದ ದಪ್ಪವೇ ಬರುತ್ತದೆ.

ಎ1 ಹಾಳೆಯಲ್ಲಿ 1:100ಕ್ಕೆ ತೆಗೆದ ಮೊದಲ ಪ್ರಿಂಟುಗಳನ್ನು ಸುತ್ತಿಕೊಂಡು ನಾವು ಶಾಲೆಗೆ ಹೋದೆವು. ಸುಣ್ಣದ ಕೆಲಸದಲ್ಲಿ ಪಳಗಿದ ಹಿರಿಯ ಮೇಸ್ತ್ರಿ ಜಗಲಿಯ ಮೇಲೆ ಹಾಳೆ ಬಿಡಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಬಹಳ ಹೊತ್ತು ನೋಡಿದರು.

“ಇದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತಾಗುವುದಿಲ್ಲ ಮೇಡಂ. ಗೋಡೆ ಇಡೀ ಕಪ್ಪು ಉಂಟು. ಬಿರುಕು ಎಲ್ಲಿ ಅಂತ ಗೋಡೆ ನೋಡಿಯೇ ನಾನು ಹೇಳ್ತೇನೆ. ಆದ್ರೆ ನೀವು ಯಾವ ಕಲ್ಲು ತೆಗೀಲಿಕ್ಕೆ ಹೇಳ್ತೀರಿ ಅಂತ ಇದರಲ್ಲಿ ಕಾಣ್ಬೇಕಲ್ಲ?”

ಎಂಜಿನಿಯರ್ ಕನ್ನಡಕ ತೆಗೆದು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಬಿರುಕುಗಳನ್ನು ಅವರು ಮೂರು ಗುಂಪು ಮಾಡಿದ್ದರು. 1 ಮಿ.ಮೀ.ಗಿಂತ ಸಣ್ಣವು, 5 ಮಿ.ಮೀ.ವರೆಗಿನವು, ಅದಕ್ಕೂ ಅಗಲವಾದವು. ಮೂರೂ ಕಲ್ಲಿನ ಗೆರೆಗಳೊಳಗೆ ಮುಳುಗಿಹೋಗಿದ್ದವು. ಇದರ ಮೇಲೆ ತಾನು ಸಹಿ ಮಾಡುವುದಿಲ್ಲ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಆ ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಪ್ಯಾಟರ್ನ್ ತೆಗೆದುಬಿಟ್ಟರೆ ಬಿರುಕು ಸ್ಪಷ್ಟವಾಗಿ ಕಾಣುತ್ತಿತ್ತು ನಿಜ. ಆದರೆ ಯಾವ ವರಸೆಯ ಎಷ್ಟನೇ ಕಲ್ಲು ಎಂದು ಎಣಿಸಲು ಆಮೇಲೆ ಏನೂ ಉಳಿಯುತ್ತಿರಲಿಲ್ಲ. ಬಿರುಕನ್ನು ಬಹಳ ದಪ್ಪ ಮಾಡಿದರೆ ಮೂರು ಗುಂಪುಗಳ ಭೇದ ಹೋಗುತ್ತಿತ್ತು. ಅದು ಸಂದಿನಲ್ಲಿ ಓಡಿದೆಯೋ ಕಲ್ಲಿನಲ್ಲಿ ಓಡಿದೆಯೋ ಎಂಬುದೂ ಮುಚ್ಚಿಹೋಗುತ್ತಿತ್ತು. ಕಲ್ಲಿನ ಗೆರೆ ಇರಬೇಕು, ಇದ್ದೂ ಹಿಂದೆ ಸರಿಯಬೇಕು. ಬೇರೆ ದಾರಿಯಿರಲಿಲ್ಲ.

ಕಚೇರಿಗೆ ಮರಳಿ ಮೆಟೀರಿಯಲ್‌ನ ಕಿಟಕಿ ತೆರೆದೆ. ಪ್ಯಾಟರ್ನ್ ಬದಲಿಸಬಹುದು, ಬಣ್ಣ ಬದಲಿಸಬಹುದು, ಮುಂದಿನದು ಹಿಂದಿನದು ಎಂದು ಎರಡು ಪದರ ಕೊಡಬಹುದು. ದಪ್ಪ ಬದಲಿಸುವ ಜಾಗ ಅಲ್ಲಿಲ್ಲ. ಆಯಾ ನೋಟಕ್ಕೆ ಮಾತ್ರ ಬದಲಾವಣೆ ಮಾಡುವ ಓವರ್‌ರೈಡ್ ಪಟ್ಟಿಯಲ್ಲಿ ಗೋಡೆಯ ಅಂಚಿನ ಗೆರೆಗೆ ದಪ್ಪ ಕೊಡಬಹುದು, ಪ್ಯಾಟರ್ನ್‌ಗೆ ಅಲ್ಲೂ ದಪ್ಪದ ಆಯ್ಕೆಯಿಲ್ಲ. ಪ್ಯಾಟರ್ನ್ ಬರೆದಿಡುವ ಪ್ಯಾಟ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಒಂದೊಂದು ಸಾಲಿನಲ್ಲೂ ಕೋನ, ಶುರುವಾಗುವ ಬಿಂದು, ಮುಂದಿನ ಗೆರೆ ಎಷ್ಟು ಪಕ್ಕಕ್ಕೆ ಸರಿಯಬೇಕು, ಎಷ್ಟು ದೂರ ಇರಬೇಕು, ಗೆರೆ ಎಷ್ಟು ಉದ್ದ, ಬಿಡುವು ಎಷ್ಟು ಉದ್ದ ಎಂಬ ಸಂಖ್ಯೆಗಳಿರುತ್ತವೆ. ದಪ್ಪಕ್ಕೆ ಸಂಖ್ಯೆಯೇ ಇಲ್ಲ.

ಹುಡುಕುತ್ತಾ ಹೋದಾಗ ವಿಷಯ ತಿಳಿಯಿತು. ರೆವಿಟ್‌ನಲ್ಲಿ ಗೆರೆಗೆ ನೇರವಾಗಿ ಮಿಲಿಮೀಟರಿನ ದಪ್ಪ ಕೊಡುವುದಿಲ್ಲ. 1ರಿಂದ 16ರವರೆಗೆ ಪೆನ್ನುಗಳಿವೆ. ಯಾವ ಸ್ಕೇಲಿನಲ್ಲಿ ಯಾವ ಪೆನ್ನು ಎಷ್ಟು ದಪ್ಪ ಎಂದು ಒಂದು ಕೋಷ್ಟಕದಲ್ಲಿ ಬರೆದಿರುತ್ತದೆ. ಗೋಡೆಯ ಅಂಚು, ಬಾಗಿಲು, ಕಿಟಕಿ ಎಲ್ಲಕ್ಕೂ ನಾವು ಬೇಕಾದ ಪೆನ್ನು ಹಂಚಬಹುದು. ಪ್ಯಾಟರ್ನ್‌ಗೆ ಮಾತ್ರ ಯಾವಾಗಲೂ 1ನೇ ಪೆನ್ನೇ. ಇದು ಸಾಫ್ಟ್‌ವೇರಿನ ದೋಷವೆಂದು ನಾನು ಹೇಳುತ್ತಿಲ್ಲ. ಅದನ್ನು ಕಟ್ಟಿರುವುದೇ ಹಾಗೆ, ಗೊತ್ತಿದ್ದವರಿಗೆ ಅದರಲ್ಲಿ ಅನುಕೂಲವೂ ಇದೆ. ನಮ್ಮ ಕಚೇರಿಯ ಟೆಂಪ್ಲೇಟ್ ಹೊಸ ಮನೆಗಳಿಗೆಂದು ತಯಾರಾದದ್ದು. ಸಾರಣೆ ಮಾಡಿದ ಬಿಳಿ ಗೋಡೆಗಳಿಗೆ ಪ್ಯಾಟರ್ನೇ ಬೇಕಿರದ ಕಾರಣ ಈ ಪ್ರಶ್ನೆ ಅಲ್ಲಿ ಎದ್ದಿರಲೇ ಇಲ್ಲ. ಅದರಲ್ಲಿ 1ನೇ ಪೆನ್ನು 1:100ಕ್ಕೆ 0.18 ಮಿ.ಮೀ. ಆಗಿತ್ತು. ಬಿರುಕು ಬರೆದ ತೆಳು ಗೆರೆಯ ಶೈಲಿಯೂ ಅದೇ 1ನೇ ಪೆನ್ನು.

ಸ್ಕೇಲು ಹಿಡಿದು ಲೆಕ್ಕ ಹಾಕಿದೆ. ಸಂದಿನ ಗಾರೆ 10 ಮಿ.ಮೀ. ಎಂದು ನಮ್ಮ ಪ್ಯಾಟರ್ನ್‌ನಲ್ಲಿ ಪ್ರತಿ ಸಂದಿಗೂ ಎರಡು ಗೆರೆಗಳಿದ್ದವು. 1:20ರಲ್ಲಿ ಅವು ಕಾಗದದ ಮೇಲೆ ಅರ್ಧ ಮಿ.ಮೀ. ದೂರ ನಿಂತು ಸಂದನ್ನು ಸುಂದರವಾಗಿ ತೋರಿಸುತ್ತವೆ. 1:100ರಲ್ಲಿ ಆ ದೂರ 0.1 ಮಿ.ಮೀ.ಗೆ ಇಳಿಯುತ್ತದೆ. 0.18 ದಪ್ಪದ ಎರಡು ಗೆರೆಗಳು ಒಂದರ ಮೇಲೊಂದು ಹತ್ತಿ 0.28ರ ಒಂದೇ ಗೆರೆಯಾಗುತ್ತದೆ. ಬಿರುಕು 0.18, ಸಂದು 0.28. ಗೋಡೆಯ ಮೇಲಿನ ಸತ್ಯ ಕಾಗದದ ಮೇಲೆ ತಲೆಕೆಳಗಾಗಿತ್ತು. ವರಸೆಯ ಎತ್ತರ 2 ಮಿ.ಮೀ., ಕಲ್ಲಿನ ಉದ್ದ 4 ಮಿ.ಮೀ. ಇರುವ ಆ ಜಾಲದಲ್ಲಿ ಹಾಳೆಯ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಶಾಯಿಯೇ ತುಂಬಿತ್ತು. ಮೇಸ್ತ್ರಿಗಳು ಕಪ್ಪು ಎಂದದ್ದು ಅಳತೆಗೂ ಸರಿಯಾಗಿತ್ತು.

ಕೋಷ್ಟಕದಲ್ಲಿ 1ನೇ ಪೆನ್ನನ್ನು ತೆಳು ಮಾಡಿದರೆ ಮುಗಿಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ಮಾಡಿದೆ. ಪ್ಯಾಟರ್ನ್ ತೆಳುವಾಯಿತು. ಅದರ ಜೊತೆಗೆ 1ನೇ ಪೆನ್ನಿನಲ್ಲಿದ್ದ ಎಲ್ಲವೂ ತೆಳುವಾಯಿತು. ಕಿಟಕಿಯ ಸರಳು, ಗಾಜಿನ ಪಟ್ಟಿ, ಮೆಟ್ಟಿಲಿನ ಅಂಚು, ಮಾಡಿನ ರೀಪು, ಕೊನೆಗೆ ಬಿರುಕು. ಬಿರುಕನ್ನು ಕಾಣಿಸಲು ಮಾಡಿದ ಕೆಲಸದಲ್ಲಿ ಬಿರುಕೇ ಮಾಯವಾಯಿತು.

ಪ್ಯಾಟರ್ನ್‌ಗೆ ಬೂದು ಬಣ್ಣ ಕೊಟ್ಟು ನೋಡಿದೆ. ಪರದೆಯ ಮೇಲೆ ನಾನು ಬಯಸಿದ ಹಾಗೆಯೇ ಕಂಡಿತು. ಪ್ರಿಂಟ್ ಬಂದಾಗ ಮತ್ತೆ ಕಪ್ಪು. ಪ್ರಿಂಟ್ ಸೆಟಪ್‌ನಲ್ಲಿ ಬ್ಲ್ಯಾಕ್ ಲೈನ್ಸ್ ಎಂಬ ಆಯ್ಕೆ ಇದ್ದರೆ ಬಿಳಿಯಲ್ಲದ ಪ್ರತಿಯೊಂದು ಗೆರೆಯೂ, ಪ್ಯಾಟರ್ನ್‌ನ ಗೆರೆ ಸೇರಿ, ಕಪ್ಪಾಗಿಯೇ ಅಚ್ಚಾಗುತ್ತದೆ. ಅದನ್ನು ಗ್ರೇಸ್ಕೇಲ್‌ಗೆ ತಿರುಗಿಸಿ ಮತ್ತೆ ತೆಗೆಸಿದೆ. ಈ ಸಲ ಸಂದುಗಳು ಚುಕ್ಕಿ ಚುಕ್ಕಿಯಾಗಿ ಹರಿದು ಬಂದವು. ಲೇಸರ್ ಯಂತ್ರದಲ್ಲಿ ಬೂದು ಶಾಯಿ ಎಂಬುದಿಲ್ಲ. ಕಪ್ಪು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಇಟ್ಟು ಕಣ್ಣಿಗೆ ಬೂದು ಎನಿಸುವಂತೆ ಮಾಡುತ್ತದೆ. ಅಗಲ ಜಾಗಕ್ಕೆ ಅದು ಸರಿ. ಕೂದಲೆಳೆಯ ಗೆರೆಯಲ್ಲಿ ಬಿಡಿಯಾಗಲು ಜಾಗವೆಲ್ಲಿ? ಚುಕ್ಕಿ ಗೆರೆ ಎಂದರೆ ನಕ್ಷೆಯ ಭಾಷೆಯಲ್ಲಿ ಬೇರೆಯೇ ಅರ್ಥ. ಮರೆಯಲ್ಲಿರುವುದು ಎಂದು ಓದುತ್ತಾರೆ. ಅದನ್ನು ಸೈಟಿಗೆ ಕಳಿಸುವ ಹಾಗಿರಲಿಲ್ಲ.

ಆ ವಾರಗಳು ನನ್ನನ್ನು ಹಿಂಡಿದವು. ಹಗಲೆಲ್ಲ ಬೇರೆ ಕೆಲಸ, ಸಂಜೆಯ ಮೇಲೆ ಶಾಲೆಯ ನಕ್ಷೆ. ಮಂಗಳೂರಿನ ಮಾರ್ಚಿನ ಸೆಕೆಯಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಲು ಶುರುವಾದರೆ ಕಡತ ಉಳಿಸಿಕೊಳ್ಳುವುದೇ ಗಡಿಬಿಡಿ. ಪ್ಲಾಟರ್ ಇದ್ದ ಅಂಗಡಿ ರಾತ್ರಿ ಬೇಗ ಮುಚ್ಚುತ್ತಿತ್ತು. ಒಂದು ಬದಲಾವಣೆ ಸರಿಯಾಯಿತೇ ಎಂದು ತಿಳಿಯಲು ಮರುದಿನ ಬೆಳಗಿನವರೆಗೆ ಕಾಯಬೇಕಿತ್ತು. ದೊಡ್ಡ ಹಾಳೆಯ ಪ್ರಿಂಟಿಗೆ ದುಡ್ಡೂ ಕಡಿಮೆಯಲ್ಲ. ಕಣ್ಣು ಉರಿದು, ಕಣ್ಣು ಮುಚ್ಚಿದರೂ ಜಾಲವೇ ತೇಲುತ್ತಿತ್ತು. ಕುತ್ತಿಗೆಯ ನೋವಿಗೆ ಅಮ್ಮ ಎಣ್ಣೆ ತಿಕ್ಕಿ, “ಇಷ್ಟು ಸಣ್ಣ ಗೆರೆಗೆ ಇಷ್ಟು ಕಷ್ಟವಾ ಮಗಾ?” ಎಂದು ಕೇಳಿದರು. ಏನು ಹೇಳಲಿ? ಕಚೇರಿಯಲ್ಲೂ ಕೆಲವರಿಗೆ ಇದು ಅತಿಯಾಯಿತು ಅನ್ನಿಸಿತ್ತು. ಬರೀ ಗೆರೆ ತಾನೇ, ಸಾಕು ಕೊಟ್ಟುಬಿಡು ಎಂದರು. ಒಂದು ರಾತ್ರಿ ನಾನು ಕುರ್ಚಿಯಲ್ಲೇ ಕೂತು ಅತ್ತೆ. ಓದಲಾಗದ ನಕ್ಷೆ ಕೊಟ್ಟರೆ ಗಟ್ಟಿಯಾದ ಕಲ್ಲನ್ನು ತೆಗೆದು ಸೋತದ್ದನ್ನು ಉಳಿಸಿಬಿಡುತ್ತಾರೆ ಎಂಬ ಭಯ ನನಗಿತ್ತು. ಆ ಭಯವನ್ನು ಬೇರೆಯವರಿಗೆ ತಿಳಿಯುವಂತೆ ಹೇಳಲು ಆಗುತ್ತಿರಲಿಲ್ಲ.

ಕೈಹಿಡಿದವರು ನಮ್ಮ ಕಚೇರಿಯ ಹಿರಿಯ ಡ್ರಾಫ್ಟ್ಸ್‌ಮನ್. ನಿವೃತ್ತಿಯ ನಂತರವೂ ಮಧ್ಯಾಹ್ನ ಬಂದು ಹೋಗುತ್ತಿದ್ದರು. ಕಂಪ್ಯೂಟರು ಮುಟ್ಟಿದವರಲ್ಲ. ನನ್ನ ಪ್ರಿಂಟು ನೋಡಿ, ಮರುದಿನ ತಮ್ಮ ಹಳೆಯ ರೋಟ್ರಿಂಗ್ ಪೆನ್ನುಗಳ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಕೆಂಪು ಪಟ್ಟಿಯದು 0.18, ಬಿಳಿ 0.25, ಹಳದಿ 0.35, ಕಂದು 0.5, ನೀಲಿ 0.7. ನೇರಳೆ ಪಟ್ಟಿಯ 0.13 ಪೆನ್ನನ್ನು ಬೇರೆ ತೆಗೆದು ತೋರಿಸಿದರು.

“ಹ್ಯಾಚಿಗೆ ನಾವು ಇದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲಮ್ಮ. ಇದರಲ್ಲಿ ಹ್ಯಾಚ್ ಬಿಟ್ಟು ಬೇರೆ ಏನೂ ಎಳೆಯುತ್ತಲೂ ಇರಲಿಲ್ಲ,” ಎಂದರು.

ಹ್ಯಾಚ್ ಎಂದರೆ ಕೈನಕ್ಷೆಯ ಕಾಲದ ಪ್ಯಾಟರ್ನ್. ಅವರ ಎರಡನೆಯ ವಾಕ್ಯದಲ್ಲಿ ನನಗೆ ಬೇಕಾದ ಉತ್ತರವಿತ್ತು. ಪ್ಯಾಟರ್ನ್ 1ನೇ ಪೆನ್ನನ್ನು ಬಿಟ್ಟು ಬರುವುದಿಲ್ಲವಾದರೆ, ಉಳಿದವೆಲ್ಲ 1ನೇ ಪೆನ್ನನ್ನು ಬಿಟ್ಟು ಹೋಗಬೇಕು.

ಆ ಪೆನ್ನುಗಳ ದಪ್ಪಗಳ ಹಿಂದಿನ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಒಂದೊಂದು ಪೆನ್ನೂ ಹಿಂದಿನದರ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಎ1, ಎ2, ಎ3 ಹಾಳೆಗಳ ಅಳತೆಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಎ1 ನಕ್ಷೆಯನ್ನು ಎ2ಕ್ಕೆ ಕುಗ್ಗಿಸಿದರೆ 0.5ರ ಗೆರೆ 0.35 ಆಗುತ್ತದೆ, ಕುಗ್ಗಿದ ಹಾಳೆಯ ಮೇಲೆ ತಿದ್ದಲು ಆ ಪೆನ್ನು ಡಬ್ಬಿಯಲ್ಲೇ ಸಿದ್ಧವಿರುತ್ತದೆ. ಕಣ್ಣಿಗೂ ಈ ಅಂತರ ಬೇಕು. ಪಕ್ಕಪಕ್ಕದ ಎರಡು ಪೆನ್ನುಗಳ ಭೇದವನ್ನು ಬರಿಗಣ್ಣು ಗುರುತಿಸಬಲ್ಲದು, ಅದಕ್ಕಿಂತ ಹತ್ತಿರವಾದರೆ ಎರಡೂ ಒಂದೇ ಎನಿಸುತ್ತವೆ.

ಆಮೇಲಿನದು ಸೋಪಾನ ಹತ್ತುವ ಕೆಲಸ. ಆಬ್ಜೆಕ್ಟ್ ಸ್ಟೈಲ್ಸ್ ಪಟ್ಟಿ ತೆರೆದು ಗೋಡೆ, ಬಾಗಿಲು, ಕಿಟಕಿ, ಮಾಡು, ಮೆಟ್ಟಿಲು, ಅವುಗಳ ಉಪವಿಭಾಗ, ಹೊರಗಿನಿಂದ ತಂದ, ಫ್ಯಾಮಿಲಿ ಎಂದು ಕರೆಯುವ ಸಿದ್ಧ ಭಾಗಗಳ ಜೊತೆ ಬಂದು ಸೇರಿದ ಉಪವಿಭಾಗ, ಹೀಗೆ 1ನೇ ಪೆನ್ನಿನಲ್ಲಿದ್ದ ಪ್ರತಿಯೊಂದನ್ನೂ 2ಕ್ಕೆ ಅಥವಾ ಮೇಲಕ್ಕೆ ಏರಿಸಿದೆ. ಲೈನ್ ಸ್ಟೈಲ್ಸ್‌ನಲ್ಲಿ ಬಿರುಕಿಗೆಂದೇ ಮೂರು ಹೊಸ ಶೈಲಿ ಮಾಡಿ, 1:100ಕ್ಕೆ 0.25, 0.35, 0.5 ಬರುವ ಪೆನ್ನುಗಳನ್ನು ಕೊಟ್ಟೆ. ಕತ್ತರಿಸಿದ ಗೋಡೆಯ ಅಂಚು 0.7. ಅಳತೆ, ಬರಹಗಳ ಪೆನ್ನುಗಳಿಗೆ ಬೇರೆ ಕೋಷ್ಟಕವಿದೆ, ಅದು ಸ್ಕೇಲಿನ ಜೊತೆ ಬದಲಾಗುವುದಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ.

1ನೇ ಪೆನ್ನಿಗೆ ಎಷ್ಟು ದಪ್ಪ? ತೆಳುವಾದಷ್ಟೂ ಒಳ್ಳೆಯದಲ್ಲ. 600 ಡಿಪಿಐ ಯಂತ್ರ ಒಂದು ಅಂಗುಲದಲ್ಲಿ 600 ಚುಕ್ಕಿ ಇಡುತ್ತದೆ, ಒಂದು ಚುಕ್ಕಿ ಸುಮಾರು 0.042 ಮಿ.ಮೀ. 0.10ರ ಗೆರೆ ಎಂದರೆ ಎರಡೂವರೆ ಚುಕ್ಕಿಯ ಹತ್ತಿರ. ಅರ್ಧ ಚುಕ್ಕಿ ಇಡಲಾಗದ ಯಂತ್ರ ಕೆಲವು ವರಸೆಗೆ ಎರಡು, ಕೆಲವಕ್ಕೆ ಮೂರು ಚುಕ್ಕಿ ಇಡುತ್ತದೆ, ಗೋಡೆಯ ಮೇಲೆ ಇಲ್ಲದ ಪಟ್ಟೆಗಳು ಮೂಡುತ್ತವೆ. 0.13 ಎಂದರೆ ಹೆಚ್ಚುಕಮ್ಮಿ ಮೂರು ಚುಕ್ಕಿ. ನೇರಳೆ ಪೆನ್ನಿನ ಅಳತೆಯೇ ಇಲ್ಲಿಗೂ ಹೊಂದಿತು.

ಪ್ಯಾಟರ್ನನ್ನೂ ಹೊಸದಾಗಿ ಬರೆದೆ. ಅಡ್ಡ ಸಂದಿಗೆ 0, 0,0, 0,200 ಎಂಬ ಒಂದು ಸಾಲು. ಉದ್ದ ಸಂದಿಗೆ 90, 0,0, 200,200, 200,-200 ಎಂಬ ಇನ್ನೊಂದು ಸಾಲು. ಒಂದು ವರಸೆಯ ಸಂದು ಮೇಲಿನ ವರಸೆಯ ಕಲ್ಲಿನ ನಡುವಿಗೆ ಬರುವ ಕಟ್ಟು ಈ ಎರಡು ಸಾಲಿನಲ್ಲೇ ಮುಗಿಯುತ್ತದೆ. ಸಂದಿಗೆ ಎರಡು ಗೆರೆ ಇರುವ ಹಳೆಯದನ್ನು ಎಸೆಯಲಿಲ್ಲ. 1:20ರ ವಿವರ ನಕ್ಷೆಗಳಲ್ಲಿ ಮಾತ್ರ ಅದನ್ನು ಉಳಿಸಿಕೊಂಡೆ. ಒಪ್ಪಿಗೆಯ ಸಮಿತಿಗೆ ಎ3 ಪ್ರತಿಗಳು ಬೇಕಿದ್ದವು. ಎ1 ಹಾಳೆಯನ್ನೇ ಎ3ಕ್ಕೆ ಕುಗ್ಗಿಸಿದರೆ ಎಲ್ಲ ಗೆರೆಯೂ ಅರ್ಧವಾಗಿ 0.13ರದ್ದು ಒಂದೂವರೆ ಚುಕ್ಕಿಗೆ ಬಂದು ಕೆಡುತ್ತದೆ. ಅದಕ್ಕೆ 1:200ರ ಬೇರೆ ನೋಟಗಳನ್ನೇ ಮಾಡಿ, ಕೋಷ್ಟಕದ ಆ ಕಾಲಂನಲ್ಲಿ 1ನೇ ಪೆನ್ನಿಗೆ ಎರಡು ಚುಕ್ಕಿಯ 0.085 ಕೊಟ್ಟು, ಉದ್ದ ಸಂದುಗಳನ್ನು ಬಿಟ್ಟು ಅಡ್ಡ ವರಸೆ ಮಾತ್ರ ಇರಿಸಿದೆ. ಆ ಸ್ಕೇಲಿನಲ್ಲಿ ವರಸೆ ಒಂದೊಂದು ಮಿಲಿಮೀಟರ್. ಅದಕ್ಕಿಂತ ಹೆಚ್ಚು ಹೇಳಲು ಕಾಗದದಲ್ಲಿ ಜಾಗವಿರಲಿಲ್ಲ.

ಪ್ರಿಂಟ್ ಬಂತು. ಗೋಡೆ ಬೆಳ್ಳಗೆ ನಿಂತಿತ್ತು, ಅದರ ಮೇಲೆ ವರಸೆಗಳು ನವಿರಾಗಿ, ಬಿರುಕುಗಳು ಮೂರು ತೆರನಾಗಿ ಬಿಡಿಸಿ ಕಾಣುತ್ತಿದ್ದವು. ಎಂಜಿನಿಯರ್ ಒಂದು ಕಿಟಕಿಯ ಬಳಿ ಬೆರಳಿಟ್ಟು, ಇಲ್ಲಿ ಕಲ್ಲೇ ಸೀಳಿದೆ, ನಾನು ಸೈಟಿನಲ್ಲಿ ಇದನ್ನು ಸಂದಿನ ಬಿರುಕು ಎಂದು ತಿಳಿದಿದ್ದೆ, ಹೋಗಿ ಮತ್ತೆ ನೋಡಬೇಕು ಎಂದರು. ನೋಡಿ ಬಂದು ಆ ಜಾಗಕ್ಕೆ ಕಲ್ಲು ಬದಲಿಸುವ ಕೆಲಸವನ್ನು ಅಂದಾಜು ಪಟ್ಟಿಗೆ ಸೇರಿಸಿದರು. ಸಹಿಯೂ ಆಯಿತು. ಶಾಲೆಯ ಜಗಲಿಯಲ್ಲಿ ಮೇಸ್ತ್ರಿ ಹಾಳೆ ನೋಡಿ, “ಈಗ ಉಂಟು ಮೇಡಂ. ಹೊಸ್ತಿಲಿಂದ ಕೆಳಗೆ ಮೂರನೇ ವರಸೆ, ಎರಡು ಕಲ್ಲು. ಸರಿ ಅಲ್ವಾ?” ಎಂದು ತಮ್ಮ ಆಳುಗಳಿಗೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗುರುತು ಹಾಕಿಸಿದರು. ಅವರು ಗುರುತು ಹಾಕಿದ ಕಲ್ಲುಗಳೂ ನಾನು ಬರೆದ ಕಲ್ಲುಗಳೂ ಒಂದೇ ಆಗಿದ್ದವು. ಕೆಲಸ ಮಳೆಗೆ ಮೊದಲು ಮುಗಿಯಿತು.

ಈ ಪಾಡಿನಿಂದ ನಾನು ನಂಬಿಕೊಂಡದ್ದು ಒಂದು. ನಕ್ಷೆಯಲ್ಲಿ ಎಲ್ಲವನ್ನೂ ಹೇಳಲು ಹೊರಟರೆ ಮುಖ್ಯವಾದದ್ದು ಯಾರಿಗೂ ಕೇಳಿಸುವುದಿಲ್ಲ. ಯಾವುದು ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದು ಕಟ್ಟಡವನ್ನು ಕಣ್ಣಾರೆ ನೋಡಿದವರು ಮಾಡಬೇಕಾದ ತೀರ್ಮಾನ. ಸಾಫ್ಟ್‌ವೇರಿಗೆ ಕಲ್ಲಿನ ಅಳತೆ ಗೊತ್ತು, ಕಲ್ಲಿನ ಕಷ್ಟ ಗೊತ್ತಿಲ್ಲ. ಗೆರೆಯ ದಪ್ಪವನ್ನು ಅಂದಚೆಂದದ ಮಾತೆಂದು ತಳ್ಳಿಹಾಕುವವರಿಗೆ ನಾನು ಈಗ ಸಂಕೋಚವಿಲ್ಲದೆ ಹೇಳುತ್ತೇನೆ, ಅದು ಕಾಗದ ಓದಿ ಗೋಡೆ ಮುಟ್ಟುವವರ ಕೈಗೆ ನಾವು ಕೊಡುವ ಸೂಚನೆ.

ಹೊಸಬರು ಕೆಲಸಕ್ಕೆ ಸೇರಿದಾಗ ಮೊದಲ ದಿನವೇ ಅವರಿಂದ ಒಂದು ಹಾಳೆ ಪ್ರಿಂಟ್ ತೆಗೆಸುತ್ತೇನೆ. ನಾವು ಬಳಸುವ ಎಲ್ಲ ಪೆನ್ನುಗಳ ಗೆರೆಗಳು, ಎಲ್ಲ ಪ್ಯಾಟರ್ನ್‌ಗಳು, ಬಳಸುವ ಸ್ಕೇಲುಗಳೆಲ್ಲ ಆ ಒಂದೇ ಹಾಳೆಯಲ್ಲಿ ಇರುತ್ತವೆ. ಯಾವ ಅಂಗಡಿಯಲ್ಲಿ ಪ್ರಿಂಟ್ ಮಾಡಿಸುತ್ತೇವೋ ಅಲ್ಲಿಯದೇ ಯಂತ್ರದಲ್ಲಿ ತೆಗೆಸಿ ಗೋಡೆಗೆ ಅಂಟಿಸುತ್ತೇವೆ. ಮೆಟೀರಿಯಲ್ ಆರಿಸುವ ಮೊದಲು ಅದನ್ನು ನೋಡಬೇಕು, ಪರದೆಯನ್ನು ನಂಬಬಾರದು. ಮತ್ತು 1ನೇ ಪೆನ್ನು ಪ್ಯಾಟರ್ನ್‌ಗೆ ಮೀಸಲು. ಬೇರೆ ಯಾವ ಗೆರೆಗೂ, ಎಷ್ಟೇ ಅವಸರವಿದ್ದರೂ, ಅದನ್ನು ಕೊಡಕೂಡದು.